ಎಲ್ಲರಿಗೂ ಹದಿನೈದು ಜಿಬಿ

ನಮ್ಮ ಮನೆಯ ಗಂಡಸರಿಗೆ ಮಾತಿಗಿಂತ ಕೈ ಮುಂದು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಊರು ಬಿಟ್ಟು ತಮಿಳು ಸೀಮೆಗೆ ಬಂದ ಅಪ್ಪಯ್ಯ ಪೋರೂರಿನಲ್ಲಿ ಕಟ್ಟಿದ ಸಸ್ಯಾಹಾರಿ ಹೋಟೆಲನ್ನು ಈಗ ಅಣ್ಣ ನಡೆಸುತ್ತಾನೆ. ನಾನು ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಸರ್ವರ್‌ಗಳನ್ನು ಕಾಯುವವನು. ಹೋಟೆಲಿನ ಬಿಲ್ಲು, ಅಡುಗೆಮನೆಯ ಕ್ಯಾಮೆರಾದ ವಿಡಿಯೊ, ಮನೆಯವರ ಫೋಟೊ, ಅಪ್ಪಯ್ಯನ ಭಜನೆಯ ರೆಕಾರ್ಡಿಂಗು, ಎಲ್ಲವನ್ನೂ ನಾನು ಬಾಡಿಗೆಗೆ ಹಿಡಿದಿದ್ದ ಒಂದು ಲಿನಕ್ಸ್ ಸರ್ವರಿನಲ್ಲಿ ಇಟ್ಟಿದ್ದೆವು. ಎಲ್ಲೋ ದೂರದಲ್ಲಿರುವ ದೊಡ್ಡ ಯಂತ್ರದಲ್ಲಿ ನಮಗೆ ಸಿಕ್ಕಿದ ಒಂದು ಪಾಲು ಅದು.

ಒಂದು ಭಾನುವಾರ ಬೆಳಿಗ್ಗೆ ಅದರ ಡಿಸ್ಕ್ ತುಂಬಿಹೋಯಿತು. ಅಣ್ಣ ಮಗಳ ಮೊದಲ ಭರತನಾಟ್ಯದ, ಅರಂಗೇಟ್ರದ, ವಿಡಿಯೊವನ್ನು ನಾಲ್ಕು ಕಡೆಯಿಂದ ತೆಗೆಸಿ ಪೂರ್ತಿ ಅದರೊಳಕ್ಕೆ ಸುರಿದಿದ್ದ. ಬಿಲ್ಲು ಬರುವುದು ನಿಂತಿತು. ಗಿರಾಕಿಗಳು ಸಾಲುಗಟ್ಟಿ ನಿಂತಿದ್ದಾಗಲೇ ಅವನು ಒಳಗಿನಿಂದ ಗುಂಡುಕಲ್ಲು ತಂದು ಬಿಲ್ಲಿನ ಯಂತ್ರವನ್ನು ಜಜ್ಜಿದ. ಸಿಡಿದ ಚೂರು ಬಡಿದು ಕ್ಯಾಷಿಯರ್ ಹಣೆಯಲ್ಲಿ ರಕ್ತ ಬಂತು. ನಾನು ಓಡಿಬಂದು ಕೇಳಿದ್ದಕ್ಕೆ ನನ್ನ ಕಾಲರ್ ಹಿಡಿದ. ನಾನೂ ಅವನದನ್ನು ಹಿಡಿದೆ. ಅಪ್ಪಯ್ಯ ನಡುವೆ ಬಂದು ಇಬ್ಬರಿಗೂ ಒಂದೊಂದು ಕೊಟ್ಟು ಬಿಡಿಸಿದರು.

ಮೂಲೆಯ ಟೇಬಲಿನಲ್ಲಿ ಕೂತು ಹಲ್ಲು ಕಡಿಯುತ್ತ ಲ್ಯಾಪ್‌ಟಾಪ್ ತೆರೆದೆ. ಕೋಟಾ ಹಾಕುವುದೆಂದು ತೀರ್ಮಾನಿಸಿದೆ. ಕೋಟಾ ಅಂದರೆ ಒಬ್ಬೊಬ್ಬ ಬಳಕೆದಾರನಿಗೆ ಇಷ್ಟೇ ಜಾಗ ಎಂದು ಗೆರೆ ಎಳೆಯುವುದು. ಗೆರೆ ದಾಟಿದವನಿಗೆ ಎಚ್ಚರಿಕೆಯ ಮೇಲ್ ಹೋಗುತ್ತದೆ, ಏಳು ದಿನದ ಗಡುವು ಸಿಗುತ್ತದೆ. ಅಷ್ಟರಲ್ಲಿ ಜಾಗ ಖಾಲಿ ಮಾಡದಿದ್ದರೆ ಸರ್ವರ್ ಅವನ ಒಂದಕ್ಷರವನ್ನೂ ಬರೆದುಕೊಳ್ಳುವುದಿಲ್ಲ. ಸರ್ವರಿಗೆ ಅಡುಗೆಮನೆಯ ಕ್ಯಾಮೆರಾ ಕೂಡ ಒಬ್ಬ ಬಳಕೆದಾರನೇ.

ಅಪ್ಪಯ್ಯ ಕಾಫಿ ಹಿಡಿದು ಎದುರು ಕೂತರು. “ತಲೆಗೆ ಎಷ್ಟು ಕೊಡ್ತಿ?”

“ಅಣ್ಣನಿಗೆ ಐದು ಜಿಬಿ. ಕ್ಯಾಮೆರಾಕ್ಕೆ ನಲವತ್ತು.”

“ಛೆ, ಪಂಕ್ತಿಭೇದ ಮಾಡುದಾ? ನಮ್ಮಲ್ಲಿ ಕಲೆಕ್ಟರ್ ಬಂದ್ರೂ ಅದೇ ಎಲೆ, ಪಾತ್ರೆ ತೊಳಿಯುವವ ಕೂತ್ರೂ ಅದೇ ಎಲೆ. ಎಲ್ಲರಿಗೂ ಒಂದೇ ಹಾಕು ಮಾರಾಯ.”

ಈ ಮಾತನ್ನು ಕೇಳಿಯೇ ನಾವು ಬೆಳೆದದ್ದು. ನನ್ನ ಹೆಸರಿಗೆ ಹದಿನೈದು ಜಿಬಿ ಎಂದು ಬರೆದು, ಅದನ್ನೇ ಒಂದು ಕಮಾಂಡಿನಲ್ಲಿ ಉಳಿದವರೆಲ್ಲರಿಗೂ ಬಡಿಸಿಬಿಟ್ಟೆ. ಹಗಲೆಲ್ಲ ಬರೆಯುವ ಕ್ಯಾಮೆರಾಕ್ಕೆ ಅದು ಯಾವ ಮೂಲೆಗೂ ಸಾಲದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ. ಆ ಹೊತ್ತಿಗೆ ಅಣ್ಣನ ಕತ್ತು ಹಿಸುಕಿದ ಖುಷಿಯೇ ಸಾಕಾಗಿತ್ತು. ಎಚ್ಚರಿಕೆಯ ಮೇಲ್ ಕ್ಯಾಮೆರಾದ ಹೆಸರಿಗೇ ಹೋಗುತ್ತಿತ್ತು. ಅದನ್ನು ಓದುವವರು ಯಾರು?

ಎರಡು ವಾರ ಕಳೆದಿರಬೇಕು, ಬೆಳಗಿನ ತಿಂಡಿಯ ಹೊತ್ತಿನಲ್ಲಿ ಅಪ್ಪಯ್ಯನ ಫೋನ್ ಬಂತು. ನಮ್ಮ ದೋಸೆ ಭಟ್ಟರು ಜಾರಿ ಕಾವಲಿಯ ಮೇಲೆ ಕೈಯೂರಿದರಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ. ಭಟ್ಟರು ನನ್ನನ್ನು ಕಾವಲಿಯ ಪಕ್ಕದ ಕಟ್ಟೆಯಲ್ಲಿ ಕೂರಿಸಿಕೊಂಡು ಸಾಕಿದವರು. ಹೋಗಿ ನೋಡಿದೆ. ಬಲ ಅಂಗೈಯ ಚರ್ಮ ಪೂರ್ತಿ ಎದ್ದುಹೋಗಿತ್ತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

“ಜಾರಿದ್ದಲ್ಲ ಮಾಣಿ,” ಅಂದರು. “ನಿನ್ನ ಅಣ್ಣ ಗಿರಾಕಿ ಎದುರು ನನಗೆ ಬೈದ, ನಾನೂ ತಿರುಗಿ ಎರಡು ಮಾತು ಹೇಳಿದೆ. ಅವ ಮಣಿಕಟ್ಟು ಹಿಡಿದು ಕಾವಲಿಗೆ ಒತ್ತಿದ. ನಾನು ಕೂಗಿದ್ರೂ ಬಿಡ್ಲಿಲ್ಲ. ಉಳಿದವ್ರು ನೋಡಿಲ್ಲ ಹೇಳ್ತಾರೆ, ಅವ್ರಿಗೂ ಹೊಟ್ಟೆ ಉಂಟಲ್ಲ. ಕ್ಯಾಮೆರಾ ಉಂಟು, ನೋಡು ನೀನು.”

ಆಸ್ಪತ್ರೆಯ ಬೆಂಚಿನಲ್ಲೇ ಲ್ಯಾಪ್‌ಟಾಪ್ ತೆರೆದೆ. ಆ ದಿನದ ಫೈಲುಗಳೆಲ್ಲ ಸಾಲಾಗಿ ಇದ್ದವು. ಗಾತ್ರ ಮಾತ್ರ ಸೊನ್ನೆ. ಕೋಟಾ ಮೀರಿದೆ, ಕೋಟಾ ಮೀರಿದೆ ಎಂದು ನಿಮಿಷಕ್ಕೊಂದು ಸಾಲು ಲಾಗ್‌ನಲ್ಲಿ ಬಿದ್ದಿತ್ತು. ನಾಲ್ಕು ದಿನದಿಂದ ಕ್ಯಾಮೆರಾ ಕಣ್ಣು ಬಿಟ್ಟುಕೊಂಡು ಏನನ್ನೂ ಉಳಿಸಿರಲಿಲ್ಲ. ನನ್ನ ಮುಖಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸಿತು. ಅಲ್ಲೇ ಕ್ಯಾಮೆರಾದ ಮಿತಿಯನ್ನು ತೆಗೆದುಹಾಕಿ, ಒಳಗೆ ಹೋಗಿ ಭಟ್ಟರಿಗೆ ಇದ್ದದ್ದನ್ನು ಹೇಳಿದೆ.

ಅವರು ಸುಟ್ಟ ಕೈಯನ್ನು ನನ್ನಿಂದ ಆಚೆಗೆ ಎಳೆದುಕೊಂಡರು. “ನೀನೂ ಅಳಿಸಿದ್ಯಾ?”

ಏನು ವಿವರಿಸಿದರೂ ಆ ಮುಖ ಬದಲಾಗಲಿಲ್ಲ. ಅಲ್ಲಿಂದ ನೇರ ಹೋಟೆಲಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಊಟ ಮುಗಿದು ಬಾಗಿಲು ಹಾಕಿತ್ತು. ಅಣ್ಣ ಒಬ್ಬನೇ ಕಾವಲಿ ಕೆರೆಯುತ್ತಿದ್ದ. ವಿಡಿಯೊ ಇಲ್ಲವೆಂಬ ಸುದ್ದಿ ಆಸ್ಪತ್ರೆಯಿಂದ ಆಗಲೇ ಅವನ ಕಿವಿಗೆ ಬಿದ್ದಿತ್ತು. ನಗುತ್ತ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

“ಒಳ್ಳೆ ಕೆಲ್ಸ ಮಾಡ್ದೆ. ತಮ್ಮ ಅಂದ್ರೆ ಹೀಗಿರ್ಬೇಕು. ಮುದುಕ ಗಿರಾಕಿ ಎದುರು ಬಾಯಿ ಮಾಡಿದ, ಹಿಡಿದು ಒತ್ತಿದೆ. ಇನ್ನು ಸಾಯುವವರೆಗೆ ನೆನಪಿರ್ತದೆ ಅವನಿಗೆ.”

ದೊಡ್ಡ ಸೌಟು ಕೈಗೆ ಸಿಕ್ಕಿತು. ಮೊದಲ ಏಟು ಮೂಗಿಗೆ. ಮೂಳೆ ಮುರಿದ ಸದ್ದು ಕೇಳಿಸಿತು. ಬಗ್ಗಿದವನ ಬೆನ್ನಿಗೆ, ತಲೆ ಮುಚ್ಚಿಕೊಂಡ ಕೈಗಳಿಗೆ, ಕೆಳಗೆ ಬಿದ್ದ ಮೇಲೆ ಪಕ್ಕೆಗೆ ಹೊಡೆದೆ. ಬಿಳಿ ಟೈಲ್ಸಿನ ಮೇಲೆ ಅವನ ರಕ್ತ ಕಂಡು ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಸೌಟಿನ ಹಿಡಿ ಬಗ್ಗಿತೆಂದು ನಿಲ್ಲಿಸಿದೆನೇ ಹೊರತು ಕನಿಕರದಿಂದಲ್ಲ.

ಮೂರನೆಯ ದಿನ ಭಟ್ಟರ ಜೊತೆ ಪೊಲೀಸ್ ಠಾಣೆಗೆ ಹೋದೆ. ವಿಡಿಯೊ ಇಲ್ಲದಿದ್ದರೇನು, ಅಣ್ಣ ಸ್ವಂತ ಬಾಯಲ್ಲಿ ಒಪ್ಪಿಕೊಂಡದ್ದನ್ನು ಕೇಳಿದವನು ನಾನಿದ್ದೇನೆ. ಒಡಹುಟ್ಟಿದವನೇ ಸಾಕ್ಷಿ ಹೇಳಿದರೆ ಯಾರು ತಳ್ಳಿಹಾಕುತ್ತಾರೆ ಎಂದು ಭಟ್ಟರಿಗೆ ಧೈರ್ಯ ತುಂಬಿದ್ದೆ. ಒಳಗೆ ಹೋದರೆ ಮೂಗಿಗೆ ಬ್ಯಾಂಡೇಜ್ ಸುತ್ತಿಕೊಂಡು ಅಣ್ಣ ಕೂತಿದ್ದ, ಪಕ್ಕದಲ್ಲಿ ಅಪ್ಪಯ್ಯ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಇನ್ಸ್‌ಪೆಕ್ಟರ್ ಅಪ್ಪಯ್ಯನ ಫೋನನ್ನು ನನ್ನ ಕಡೆ ತಿರುಗಿಸಿದರು.

ನಮ್ಮ ಅಡುಗೆಮನೆ, ಆಸ್ಪತ್ರೆಯ ಬೆಂಚಿನಲ್ಲಿ ನಾನೇ ಮಿತಿ ತೆಗೆದ ಆ ಮಧ್ಯಾಹ್ನದ್ದು. ಎಷ್ಟು ಸ್ಪಷ್ಟವಾಗಿ ಬಂದಿತ್ತು! ಅಣ್ಣ ನಗುನಗುತ್ತ ಬಂದು ತಮ್ಮನ ಹೆಗಲ ಮೇಲೆ ಕೈಯಿಡುತ್ತಾನೆ, ಪ್ರೀತಿಯಿಂದ ಏನೋ ಹೇಳುತ್ತಾನೆ. ತಮ್ಮ ಸೌಟು ಎತ್ತಿ ಅವನ ಮುಖ ಒಡೆಯುತ್ತಾನೆ. ನಮ್ಮ ಕ್ಯಾಮೆರಾದಲ್ಲಿ ಸದ್ದು ದಾಖಲಾಗುವುದಿಲ್ಲ.

“ಅಣ್ಣನ್ನ ಇಪ್ಪಡಿ ಅಡಿಚ್ಚಿಟ್ಟು ಅವನುಕ್ಕೇ ಎದಿರಾ ಸಾಕ್ಷಿ ಸೊಲ್ಲ ವಂದಿಯಾ?” ಎಂದರು ಇನ್ಸ್‌ಪೆಕ್ಟರ್, ಹೊಡೆದವನೇ ಅವನ ವಿರುದ್ಧ ಸಾಕ್ಷಿ ಹೇಳಲು ಬಂದೆಯಾ ಎಂದು. ಅಣ್ಣನನ್ನು ಹೀಗೆ ಹೊಡೆದವನ ಮಾತು ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ, ಈ ವಿಡಿಯೊದ ಮೇಲೆ ಮೊದಲು ಒಳಗೆ ಹೋಗುವವನು ನಾನೇ ಎಂದರು. ಎರಡೂ ಕಡೆಯವರು ದೂರು ವಾಪಸ್ ತೆಗೆದುಕೊಂಡು ರಾಜಿಯಾಗುವುದಾದರೆ ಅದು ಬೇರೆ ಮಾತು. ಅಪ್ಪಯ್ಯ ನೆಲ ನೋಡುತ್ತಿದ್ದರು. ಜೈಲಾದರೆ ಆಗಲಿ, ರಾಜಿ ಬೇಡ ಎಂದು ನಾನು ಕೂಗಾಡಿದೆ.

“ಸಾಕು ಮಾಣಿ,” ಅಂದರು ಭಟ್ಟರು. “ನೀನು ಅಳಿಸಿದ್ದಲ್ಲ ಅಂತ ಈಗ ಗೊತ್ತಾಯ್ತು. ನಿನ್ನನ್ನು ಒಳಗೆ ಹಾಕಿಸಿ ನನ್ನ ಕೈ ಬರ್ತದಾ?”

ರಾಜಿಪತ್ರ ತಯಾರಾಯಿತು. ಕನ್ನಡ, ತುಳು, ತಮಿಳು ಆಡುವ, ಎರಡು ಲಿಪಿಯಲ್ಲಿ ಮುತ್ತು ಪೋಣಿಸಿದಂತೆ ಬರೆಯುವ ಭಟ್ಟರು ಹೆಬ್ಬೆಟ್ಟು ಒತ್ತಲು ಎಡಗೈ ಚಾಚಿದರು. ಎಡಗೈಗೆ ಅಭ್ಯಾಸವಿಲ್ಲದೆ ಎರಡು ಸಲ ಗುರುತು ಕಲಸಿಹೋಯಿತು. ಹಿಡಿದುಕೋ ಎಂದು ಇನ್ಸ್‌ಪೆಕ್ಟರ್ ನನಗೆ ಸನ್ನೆ ಮಾಡಿದರು. ನಾನು ಭಟ್ಟರ ಮಣಿಕಟ್ಟು ಹಿಡಿದು ಕಾಗದದ ಮೇಲೆ ಒತ್ತಿದೆ.