ಜಾಲರಿಯಲ್ಲಿ ಉಳಿದ ಓಟಗಾರ್ತಿ

ಧಮ್ಮಪಾಲನಿಗೆ ಅಕ್ಕನ ಮುಖ ನೆನಪಿಗೆ ಬರುವುದೇ ನಿಂತುಹೋಗಿತ್ತು. ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ತಾನೇ ಬರೆದ ಒಂದು ಲೋಗೊ. ಬಸವಕಲ್ಯಾಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜೆರ್ಸಿ, ಬ್ಯಾನರು, ಮದುವೆಯ ಕೈಚೀಲಗಳಿಗೆ ಅಚ್ಚು ಹಾಕಿ ಬದುಕುವ ಈ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಸಂಕಟ ಇರಲಿಲ್ಲ. ಯಾರ ಮುಂದೆ ಹೇಳುವುದು? ಹೇಳಿದರೆ ನಗುತ್ತಾರೆ.

ಅಕ್ಕ ಮನೀಷಾ ಹುಮನಾಬಾದಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಓದಿಗಿಂತ ಓಟವೇ ಜಾಸ್ತಿ. ಕಾಲೇಜಿನ ಕ್ರೀಡಾ ತಂಡಕ್ಕೆ ಆಗ ತನ್ನದೆಂಬ ಗುರುತೇ ಇರಲಿಲ್ಲ. ಜೆರ್ಸಿಯ ಮೇಲೆ ಒಂದು ದೀಪ, ಒಂದು ಪುಸ್ತಕ, ಸುತ್ತ ಅಕ್ಷರ, ಅಷ್ಟೇ.

"ಎದೀಗೆ ಪುಸ್ತಕ ಕಟ್ಕೊಂಡು ಯಾರರ ಓಡ್ತಾರೇನೋ? ನಂದೊಂದು ಚಿತ್ರ ತೆಗಿ," ಎಂದು ಅಕ್ಕನೇ ಗಂಟುಬಿದ್ದಳು.

ಹೊಸದಾಗಿ ಅಂಗಡಿ ಇಟ್ಟಿದ್ದ ತಮ್ಮ ಮೈದಾನದ ಅಂಚಿಗೆ ಕುಳಿತು, ಅವಳು ಓಡುವುದನ್ನು ನೋಡಿ ನೋಡಿ ಬರೆದ. ಹಾರುವ ಜಡೆ, ಚಾಚಿದ ಕಾಲು, ಅರ್ಧ ತೆರೆದ ಬಾಯಿ. ಕಾಲೇಜಿನವರು ಒಪ್ಪಿಬಿಟ್ಟರು. ತನ್ನದೇ ಚಿತ್ರ ಎದೆಯ ಮೇಲೆ ಹಾಕಿಕೊಂಡು ಓಡಿದ ಹುಡುಗಿ ಈ ಸೀಮೆಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ!

ಮರುವರ್ಷದ ಚಳಿಗಾಲ. ಮಂಜು ಕವಿದ ಬೆಳಗಿನಲ್ಲಿ ಹೆದ್ದಾರಿಯ ಬದಿಗೆ ಓಡುತ್ತಿದ್ದವಳನ್ನು ಲಾರಿಯೊಂದು ಹೊಡೆದು ಹೋಯಿತು. ಯಾವ ಲಾರಿ, ಎಲ್ಲಿಯದು, ಇಂದಿಗೂ ಗೊತ್ತಿಲ್ಲ. ಅವ್ವ ದ್ರೌಪತಿ ಅಂದಿನಿಂದ ಮಗಳ ಹೆಸರು ಎತ್ತಲಿಲ್ಲ. ಮಗನ ಅಂಗಡಿಗೂ ಕಾಲಿಡಲಿಲ್ಲ. ಅಲ್ಲಿ ನೇತುಹಾಕಿದ ಜೆರ್ಸಿಗಳ ಮೇಲೆಲ್ಲ ಆ ಹುಡುಗಿ ಓಡುತ್ತಿದ್ದಳಲ್ಲ, ಅದಕ್ಕೆ.

ಆದರೆ ಲೋಗೊ ಎಂಬುದನ್ನು ಯಾರೂ ಅದರ ಪಾಡಿಗೆ ಬಿಡುವುದಿಲ್ಲ ನೋಡಿ. ಹೊಸ ಪ್ರಾಂಶುಪಾಲರು ಬಂದು, "ಲೋಗೊಕ್ಕ ಕಣ್ಣು ಮೂಗು ಯಾಕ?" ಎಂದರು. ಧಮ್ಮಪಾಲ ಕಣ್ಣು, ಮೂಗು, ಬಾಯಿ ಅಳಿಸಿದ. ಅವರ ನಂತರ ಬಂದವರು ಹುಡುಗರ ತಂಡಕ್ಕೂ ಹೊಂದಬೇಕೆಂದರು, ಜಡೆ ಹೋಯಿತು. ಆಮೇಲೆ ಕೈಕಾಲೂ ಹೋಗಿ ಬರೀ ಮೂರು ಗೆರೆ ಉಳಿದವು, ಗಾಳಿ ಬೀಸಿದ ಹಾಗೆ. ಪ್ರತಿ ಸಲ ಅಳಿಸಿದ್ದು ಇವನದೇ ಕೈ. ಹೊಟ್ಟೆಪಾಡು, ಬೇಡ ಎನ್ನಲು ಇವನ್ಯಾರು? ಅಲ್ಲಿ ಅಳಿಸಿದಷ್ಟೂ ಅಕ್ಕ ಮನಸ್ಸಿನಿಂದಲೂ ಅಳಿದಳು. ಮನೆಯಲ್ಲಿ ಹಾಲ್‌ಟಿಕೆಟ್ಟಿಗೆಂದು ತೆಗೆಸಿದ ಫೋಟೊ ಒಂದಿತ್ತು, ನಿಜ. ಅದರಲ್ಲಿ ಅವಳು ಉಸಿರು ಬಿಗಿಹಿಡಿದು ನೆಟ್ಟಗೆ ಕೂತಿದ್ದಳು. ಅದು ಮನೀಷಾ ಅಲ್ಲವೇ ಅಲ್ಲ.

ಈ ವರ್ಷ ಹೊಸ ಕ್ರೀಡಾ ನಿರ್ದೇಶಕ ಬಸವಕಿರಣ ಅಂಗಡಿಗೆ ಬಂದು ಮೊಬೈಲು ಮುಂದಿಟ್ಟ. ಅದರಲ್ಲಿ ಹಲ್ಲು ಕಿಸಿದ ಚಿರತೆ.

"ಗೆರಿ ಸಾಕ್ರಿ ಧಮ್ಮಪಾಲ. ನೋಡಿದವರೆಲ್ಲ ಇದೇನ್ ಫ್ಯಾನ್ ಕಂಪನೀದ ಗುರ್ತೇನ್ರಿ ಅಂತ ಕೇಳಾಕತ್ತಾರ. ಚಿರತಿ ಹಾಕ್ರಿ, ಜೋರ್ ಕಾಣ್ತದ."

"ಹುಮನಾಬಾದಿನ್ಯಾಗ ಚಿರತಿ ಯಾರು ನೋಡ್ಯಾರ್ರಿ ಸರ್?"

"ನೋಡಿಲ್ಲಂತನೇ ಅಂಜತಾರ್ರಿ!" ಎಂದು ಬಸವಕಿರಣ ನಕ್ಕ. ಕೆಟ್ಟ ಮನುಷ್ಯನೇನಲ್ಲ. ಆ ಗೆರೆಗಳ ಹಿಂದೆ ಯಾರಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ, ಇವನೂ ಹೇಳಲಿಲ್ಲ.

ಅಚ್ಚಿನ ಕೆಲಸ ಹೀಗೆ: ಮರದ ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆಯ ಮೇಲೆ ಚಿತ್ರ ಕೂರಿಸಿ, ಶಾಯಿ ಸುರಿದು ರಬ್ಬರ್ ಪಟ್ಟಿಯಿಂದ ಎಳೆಯುವುದು. ಮುಗಿದ ಮೇಲೆ ಜಾಲರಿ ತೊಳೆದು ಅದರ ಮೇಲೆಯೇ ಇನ್ನೊಂದು ಚಿತ್ರ. ಎಷ್ಟು ತೊಳೆದರೂ ಹಳೆಯ ಶಾಯಿ ಎಳೆಗಳೊಳಗೆ ಕಚ್ಚಿ ಕೂರುತ್ತದೆ, ಅಲ್ಲಿ ಹೊಸ ಶಾಯಿ ಸರಿಯಾಗಿ ಇಳಿಯದೆ ಹಳೆಯ ಚಿತ್ರ ಮಂಕಾಗಿ ಮೂಡುತ್ತದೆ. ಅದಕ್ಕೇ ಆಗಾಗ ಜಾಲರಿ ಹರಿದೆಸೆದು ಹೊಸದು ಬಿಗಿಯಬೇಕು. ಧಮ್ಮಪಾಲ ಎಲ್ಲರ ಜಾಲರಿಯನ್ನೂ ಬದಲಿಸಿದ್ದ, ಆ ಕಾಲೇಜಿನದೊಂದನ್ನು ಬಿಟ್ಟು. ಅದನ್ನು ಬಿಗಿಯುವಾಗ ಚೌಕಟ್ಟಿನ ಇನ್ನೊಂದು ತುದಿ ಹಿಡಿದುಕೊಂಡಿದ್ದವಳು ಅಕ್ಕ.

ಗೆರೆಗಳ ಲೋಗೊ ಇರುವವರೆಗೆ ಏನೂ ಕಾಣಲಿಲ್ಲ. ಚಿರತೆಯದು ಮೈತುಂಬ ದಟ್ಟ ಕೆಂಪು. ಮೊದಲ ಜೆರ್ಸಿಯನ್ನು ಬೆಳಕಿಗೆ ಎತ್ತಿ ಹಿಡಿದ. ಚಿರತೆಯ ಹೊಟ್ಟೆಯೊಳಗೆ, ಕೆಂಪು ತೆಳುವಾದ ಕಡೆ, ಒಂದು ಜಡೆ ಹಾರುತ್ತಿತ್ತು. ಜಾಲರಿ ತಿಕ್ಕಿ ಒರೆಸಿ ಮತ್ತೆ ಎಳೆದ. ಈಗ ಕಾಲು ಬಂತು, ಅರ್ಧ ತೆರೆದ ಬಾಯಿಯೂ ಬಂತು. ಮಟಮಟ ಮಧ್ಯಾಹ್ನ, ಹೊರಗೆ ಬಸ್ಸುಗಳ ಹಾರ್ನು. ಆದರೂ ಅಂಜಿದ್ದ. ಖುಷಿಯೂ ಆಗಿತ್ತು, ಅದಕ್ಕೇ ಇನ್ನಷ್ಟು ಅಂಜಿದ್ದ.

ಸಂಜೆ ಬಸವಕಿರಣ ನೋಡಿ ಹೌಹಾರಿದ. "ಇದೇನ್ರಿ, ಚಿರತಿ ಹೊಟ್ಟಿನ್ಯಾಗ ಹುಡುಗಿ! ತಿಂದದೇನ್ರಿ?"

"ನಮ್ಮಕ್ಕರಿ ಸರ್. ನಿಮ್ಮ ಕಾಲೇಜಿನಾಕಿನೇ," ಎಂದ ಧಮ್ಮಪಾಲ. ಹೇಳಲು ಶುರುಮಾಡಿದ ಮೇಲೆ ಲಾರಿಯವರೆಗೆ ಎಲ್ಲವನ್ನೂ ಹೇಳಿದ.

ಬಸವಕಿರಣ ಜೆರ್ಸಿಯನ್ನು ಮಡಚಿ ಮೇಜಿನ ಮೇಲಿಟ್ಟ. "ಚಿರತಿ ಬದಲ್ ಮಾಡಾಕ ಬರಂಗಿಲ್ರಿ, ಕಮಿಟಿ ಒಪ್ಯದ. ಹೊಸಾ ಜಾಲರಿ ಬಿಗೀರಿ. ಆದ್ರ ಅದನ್ನ ಹರೀಬ್ಯಾಡ್ರಿ. ಮನೀಗಿ ಒಯ್ರಿ."

ಧಮ್ಮಪಾಲ ಒಂದೊಂದೇ ಮೊಳೆ ಕಿತ್ತು, ಜಾಲರಿ ಸುತ್ತಿಕೊಂಡು ಮನೆಗೆ ಒಯ್ದ. ಅವ್ವನನ್ನು ಕರೆದು ತೋರಿಸುವ ಧೈರ್ಯವಿರಲಿಲ್ಲ. ಅವಳು ಒಳಗೆ ಜೋಳದ ಹಿಟ್ಟು ನಾದುತ್ತಿದ್ದಾಗ ಮುಂದಿನ ಕೋಣೆಯ ಕಿಟಕಿಗೆ ಅದನ್ನು ಕಟ್ಟಿದ. ಇಳಿಬಿಸಿಲಿಗೆ ಕಲೆಗಳೆಲ್ಲ ಒಂದಾಗಿ ಹುಡುಗಿ ಎದ್ದು ಕಂಡಳು.

ಹಿಂದೆ ಅವ್ವ ಬಂದು ನಿಂತಿದ್ದಳು, ಕೈತುಂಬ ಹಿಟ್ಟು.

"ಬಾಯಿ ತೆರದಾಳ," ಎಂದಳು ಮೆಲ್ಲಗೆ. "ಉಸಿರು ಸಾಲ್ದಿದ್ರ ಹಿಂಗೇ ತೆರೀತಿದ್ಳು, ಮನೀಷಾ."

ಆ ಹೆಸರು ಅವ್ವನ ಬಾಯಲ್ಲಿ ಕೇಳಿದ್ದೇ ತಡ, ಅಕ್ಕನ ಮುಖ ಗಕ್ಕನೆ ಬಂದುಬಿಟ್ಟಿತು. ಬೆವರಿದ ಹಣೆ, ಓಟ ಮುಗಿಸಿ ಬಂದು ನೀರು ಕಸಿದುಕೊಳ್ಳುವಾಗ ಬೈಯುವ ಕಣ್ಣು, ಎಲ್ಲ. ಧಮ್ಮಪಾಲ ಗೋಡೆಗೊರಗಿ ಹುಡುಗನಂತೆ ಅತ್ತ.

ಮರುದಿನ ಬೆಳಿಗ್ಗೆ ಎದ್ದಾಗ ಅವ್ವ ಕಿಟಕಿಯ ಮುಂದೆಯೇ ಕೂತಿದ್ದಳು. ನಿದ್ದೆ ಮಾಡಿದಂತಿರಲಿಲ್ಲ. ಜಾಲರಿಯ ಹುಡುಗಿಯ ಮುಖ ಬಾಗಿಲ ಕಡೆಗಿತ್ತು, ಬಾಗಿಲಾಚೆ ರಸ್ತೆ.

"ಪಾಲಾ, ಇದನ್ನ ತಿರುವಿ ಕಟ್ಟು."

"ಯಾಕವ್ವ?"

"ರಾತ್ರಿಯೆಲ್ಲ ರೋಡಿನ ಕಡೀಗೇ ಓಡಾಕತ್ತಾಳ. ಮನಿ ಒಳಗ ಬರೂಹಂಗ ಕಟ್ಟೋ."

ಅವನು ಗಂಟು ಬಿಚ್ಚಿ, ಜಾಲರಿ ತಿರುವಿ ಕಟ್ಟಿದ.