ಖಾಲಿ ಊರಿಗೆ ನೀರು

ಪರ್ತ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಕೈಗೆ ಒಂದು ದೇಶವನ್ನು ಕೊಟ್ಟರು. ತಮಾಷೆಯಲ್ಲ. ಕಾಫಿ ಲೋಟ ಹಿಡಿದು ಬಂದವನೊಬ್ಬ ನನ್ನ ಕಂಪ್ಯೂಟರಿನಲ್ಲಿ ನಕ್ಷೆಯೊಂದನ್ನು ತೆರೆದು, "ಇನ್ನು ಇದು ನಿನ್ನದು, ಶಾಲ್" ಎಂದು ಹೇಳಿ, ಸಂಜೆ ಸಮುದ್ರದ ಕಡೆಯಿಂದ ಬೀಸುವ ಗಾಳಿಯ ಬಗ್ಗೆ ಎರಡು ಮಾತಾಡಿ ಹೊರಟುಹೋದ. ಯುದ್ಧ ಮುಗಿದ ಒಂದು ಸಣ್ಣ ದೇಶ. ಹೆಸರು ಬರೆಯುವಂತಿಲ್ಲ, ಹಾಗೆಂದು ಸಹಿ ಹಾಕಿದ್ದೇನೆ. ನಕ್ಷೆಯ ತುಂಬ ಚುಕ್ಕೆಗಳು: ಬಿದ್ದ ಸೇತುವೆ, ಸುಟ್ಟ ಶಾಲೆ, ಒಡೆದ ನೀರಿನ ಟ್ಯಾಂಕು. ಯಾವುದನ್ನು ಮೊದಲು ಕಟ್ಟಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ನಾನು ಹೇಳಬೇಕಿತ್ತು. ಶಾಲಿನಿ ಎಂಬ ಮೂರಕ್ಷರವನ್ನು ಪೂರ್ತಿ ಹೇಳಲು ಪುರುಸೊತ್ತಿಲ್ಲದವರ ಮಧ್ಯೆ ಕೂತು, ಎಂದೂ ಕಾಣದ ಊರುಗಳ ಹಣೆಬರಹ ಬರೆಯುವ ಕೆಲಸ.

ಈ ವಿದ್ಯೆಗೆ ಆಪರೇಷನ್ಸ್ ರಿಸರ್ಚ್ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ. ಇರುವ ಹಣ ಸ್ವಲ್ಪ, ಆಗಬೇಕಾದ ಕೆಲಸ ಬಹಳ. ಯಾವುದನ್ನು ಆರಿಸಿದರೆ ಹೆಚ್ಚು ಪ್ರಯೋಜನ ಎಂದು ಗಣಿತದಿಂದ ಹುಡುಕುವುದು. ಬೆಂಗಳೂರಿನಲ್ಲಿದ್ದಾಗ ಇದೇ ಗಣಿತದಿಂದ ಹಾಲಿನ ವ್ಯಾನುಗಳಿಗೆ ದಾರಿ ಹಾಕಿಕೊಡುತ್ತಿದ್ದೆ. ಅಲ್ಲಿ ಒಂದು ಬೀದಿ ತಪ್ಪಿಹೋದರೆ ಕಾಫಿಗೆ ಹಾಲಿಲ್ಲದ ಹೆಂಗಸರು ಬೆಳಿಗ್ಗೆಯೇ ಬೂತಿನವನ ಜನ್ಮ ಜಾಲಾಡುತ್ತಿದ್ದರು, ಅವನು ನಮ್ಮ ಜನ್ಮ ಜಾಲಾಡುತ್ತಿದ್ದ, ಮಾರನೆಯ ದಿನ ಆ ಬೀದಿ ಸರಿಹೋಗುತ್ತಿತ್ತು. ಇಲ್ಲಿ ತಪ್ಪಿಹೋದ ಊರಿಗೆ ಬೈಯಲು ನಮ್ಮ ಫೋನ್ ನಂಬರೇ ಗೊತ್ತಿಲ್ಲ.

ನಾನೂ ಹೀಗೆಯೇ ಅಳೆಸಿಕೊಂಡು ಬಂದವಳು. ಓದಿದ್ದು ಬ್ರಿಸ್ಬೇನ್‌ನಲ್ಲಿ. ಅಲ್ಲಿನ ರನ್‌ಕಾರ್ನ್ ಬಡಾವಣೆಯ ಒಂದು ಮನೆಯಲ್ಲಿ ನಾಲ್ಕು ಹುಡುಗಿಯರು ಒಂದೇ ಒಲೆಗೆ ಸರದಿ ಹಾಕಿಕೊಂಡು ಬದುಕಿದೆವು. ಚೀನೀ ಅಂಗಡಿಯ ಹುಣಸೆಹಣ್ಣಿನಲ್ಲಿ ನನ್ನ ಸಾರು ಕುದಿಯುವಾಗ ವಿಯೆಟ್ನಾಮಿನ ಗೆಳತಿಯೂ ತಟ್ಟೆ ಹಿಡಿದು ಬರುತ್ತಿದ್ದಳು. ಆ ಮನೆ ನನಗೆ ಒಗ್ಗಿತ್ತು. ಆದರೆ ಈ ದೇಶದಲ್ಲಿ ನೆಲೆಸುವ ವೀಸಾಕ್ಕೆ ಅಂಕ ಬೇಕು: ವಯಸ್ಸಿಗಿಷ್ಟು, ಓದಿಗಿಷ್ಟು, ಇಂಗ್ಲಿಷಿಗಿಷ್ಟು. ಬ್ರಿಸ್ಬೇನ್‌ನಲ್ಲಿ ಇರುವುದಕ್ಕೆ ಏನೂ ಸಿಗದು, ಇನ್ನೂ ಜನ ಬೇಕಾಗಿರುವ ಅಡಿಲೇಡ್‌ಗೆ ಹೋದರೆ ಸಿಗುತ್ತದೆ. ಅಡಿಲೇಡ್‌ಗೆ ಹೋದೆ. ಅಲ್ಲಿ ಬಾಡಿಗೆ ಮನೆ ನೋಡಲು ಹೋದರೆ ಬಾಗಿಲಿನಿಂದ ಬೀದಿಯವರೆಗೆ ಸಾಲು, ಎಲ್ಲರ ಮುಖದಲ್ಲೂ ಒಂದೇ ಹಲ್ಕಿರಿಯುವ ನಗು. ಮನೆ ಸಿಕ್ಕಿದ ಮೇಲೂ ಮೂರು ತಿಂಗಳಿಗೊಮ್ಮೆ ಏಜೆಂಟ್ ಬಂದು, ಮನೆ ಚೊಕ್ಕವಾಗಿದೆಯೇ ಎಂದು ಒಲೆಯ ಫೋಟೊ ತೆಗೆಯುತ್ತಾಳೆ. ನಮ್ಮ ಮೈಸೂರಿನಲ್ಲೂ ಮನೆ ಮಾಲೀಕರು ಕಿರಿಕಿರಿ ಮಾಡುತ್ತಾರೆ, ಆದರೆ ಒಳಗೆ ಬಂದರೆ ಒಂದು ಲೋಟ ಕಾಫಿಯನ್ನಾದರೂ ಕುಡಿದು ಹೋಗುತ್ತಾರೆ. ಈಕೆ ನೀರೂ ಮುಟ್ಟಲಿಲ್ಲ.

ಪರ್ತ್ ಕೂಡ ವೀಸಾದ ಲೆಕ್ಕದಲ್ಲಿ ಅಡಿಲೇಡ್‌ನ ಸಾಲಿಗೇ ಸೇರುವುದರಿಂದ, ಕೆಲಸ ಸಿಕ್ಕ ಕೂಡಲೇ ಇಲ್ಲಿಗೆ ಬಂದೆ. ದೇಶದೊಳಗಿನ ವಿಮಾನದಿಂದ ಇಳಿದವಳ ಚೀಲದಿಂದ ಜೇನುತುಪ್ಪದ ಬಾಟಲಿ ಕಿತ್ತುಕೊಂಡರು. ಹೊರಗಿನ ರೋಗ ಈ ರಾಜ್ಯದ ಜೇನುಹುಳಕ್ಕೆ ತಗಲಬಾರದಂತೆ. ಇಲ್ಲಿ ಜೇನುಹುಳದ ಮೇಲಿರುವ ಕಾಳಜಿ ಎಲ್ಲರ ಮೇಲೂ ಇಲ್ಲ ಎಂದು ಆಮೇಲೆ ತಿಳಿಯಿತು.

ಆಫೀಸಿನಲ್ಲಿ ನನ್ನ ಮೇಲಧಿಕಾರಿ ಕನ್ನಡಿಗರು, ಮೈಸೂರಿನ ಸರಸ್ವತಿಪುರಂನವರು: ಶ್ರೀನಿವಾಸ್. ಎಲ್ಲರಿಗೂ ಶ್ರೀನಿ. ಐವತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. "ಇಲ್ಲಿ ಸರ್ ಗಿರ್ ಎಲ್ಲ ಬೇಡ ಕಣಮ್ಮ, ಶ್ರೀನಿ ಅಂದ್ರೆ ಸಾಕು" ಎಂದರು. ನಾನು ಸರ್ ಎಂದೇ ಕರೆದೆ. ಕನ್ನಡ ಮಾತಾಡುವ ಬಾಸ್ ಸಿಕ್ಕ ಸುದ್ದಿಗೆ ಫೋನಿನಲ್ಲಿ ಅಮ್ಮ ಕೈ ಮುಗಿದದ್ದು ಧ್ವನಿಯಲ್ಲೇ ಗೊತ್ತಾಯಿತು. "ನಮ್ಮೋರೇ ಸಿಕ್ಕಿದ್ರಲ್ಲ, ಇನ್ನು ನಂಗೆ ಚಿಂತೆ ಇಲ್ಲ ಬಿಡು" ಎಂದಳು. ನನಗೂ ಆಗ ಹಾಗೇ ಅನಿಸಿತ್ತು.

ಇನ್ನೊಬ್ಬಳು ನಾದಿಯಾ. ನಕ್ಷೆಯಲ್ಲಿದ್ದ ದೇಶ ಅವಳದು. ಅಲ್ಲಿಂದ ಬರುವ ವರದಿಗಳನ್ನು ಇಂಗ್ಲಿಷಿಗೆ ಅನುವಾದಿಸಲು ನಮ್ಮ ಕಂಪನಿ ಅವಳನ್ನು ಇಟ್ಟುಕೊಂಡಿತ್ತು. ಪರ್ತ್‌ನ ಹೊರವಲಯದ ಥಾರ್ನ್ಲಿಯಲ್ಲಿದ್ದ ತನ್ನ ಮನೆಯಲ್ಲಿ ಒಂದು ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಳು. ಒಂದೇ ರೈಲಿನಲ್ಲಿ ಆಫೀಸಿಗೆ ಹೋಗಿ ಬರುತ್ತಿದ್ದೆವು. ಅವಳ ಊರು ಗುಡ್ಡದ ಮೇಲಿನ ಒಂದು ಹಳ್ಳಿ. ಯುದ್ಧದಲ್ಲಿ ಬುಗ್ಗೆಯಿಂದ ಬರುವ ನೀರಿನ ಪೈಪು ಒಡೆದು, ಜನ ಕೆಳಗಿನ ಶಿಬಿರಕ್ಕೆ ಓಡಿಹೋದರು. ಅವಳ ಅಣ್ಣ ಈಗಲೂ ಹೆಂಡತಿ ಮಕ್ಕಳೊಂದಿಗೆ ಆ ಶಿಬಿರದಲ್ಲಿದ್ದಾನೆ. ಊರಿನಲ್ಲಿ ಅವನ ಏಪ್ರಿಕಾಟ್ ಮರಗಳಿವೆ. "ಇನ್ನೊಂದು ಬೇಸಿಗೆ ನೀರಿಲ್ಲದೆ ಹೋದರೆ ಮರಗಳು ಹೋಗುತ್ತವೆ. ಮರ ಹೋದ ಮೇಲೆ ಅಣ್ಣ ಯಾವುದಕ್ಕಾಗಿ ವಾಪಸ್ ಹೋಗಬೇಕು?" ಎಂದು ಒಂದು ಸಂಜೆ ರೈಲಿನಲ್ಲಿ ಕೇಳಿದಳು. ಅವಳು ನನ್ನಿಂದ ಯಾವ ಉಪಕಾರವನ್ನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಕೋಪ ಮಾಡಿಕೊಳ್ಳುವ ಅವಕಾಶವಾದರೂ ಇರುತ್ತಿತ್ತು.

ನಮ್ಮ ಲೆಕ್ಕದಲ್ಲಿ ಒಂದು ನಿಯಮವಿತ್ತು: ಒಂದು ಕಾಮಗಾರಿಯಿಂದ ಎಷ್ಟು ಜನರಿಗೆ ಉಪಯೋಗವೋ ಅಷ್ಟು ಅಂಕ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಜನರನ್ನು ಎಣಿಸುತ್ತಿದ್ದದ್ದು ಅವರು ಈಗ ಇರುವ ಜಾಗದಲ್ಲಿ. ನಾದಿಯಾಳ ಊರಿನಲ್ಲಿ ಯಾರೂ ಇಲ್ಲ, ಆದ್ದರಿಂದ ಅಂಕ ಸೊನ್ನೆ, ಆದ್ದರಿಂದ ನೀರಿಲ್ಲ, ನೀರಿಲ್ಲದ್ದರಿಂದ ಯಾರೂ ಹೋಗುವುದಿಲ್ಲ. ಶಿಬಿರದಲ್ಲಿ ಜನ ಕಿಕ್ಕಿರಿದಿದ್ದಾರೆ. ಹಾಗಾಗಿ ಕಂಪ್ಯೂಟರು ಪ್ರತಿ ಬಾರಿಯೂ ಶಿಬಿರಕ್ಕೆ ಹೊಸ ಟ್ಯಾಂಕು, ಹೊಸ ಕೊಳಾಯಿ ಕೊಡುತ್ತಿತ್ತು. ಓಡಿಬಂದವರನ್ನು ಓಡಿಬಂದಲ್ಲೇ ಬೇರೂರಿಸುವ ಯೋಜನೆಗೆ ನಾವು ಪುನರ್ನಿರ್ಮಾಣ ಎಂದು ಹೆಸರಿಟ್ಟಿದ್ದೆವು. ಇದನ್ನು ಸರಿಪಡಿಸುವುದು ಕಷ್ಟವೂ ಅಲ್ಲ. ವಾಪಸ್ ಹೋಗುತ್ತೇವೆಂದು ಶಿಬಿರದ ಪಟ್ಟಿಯಲ್ಲಿ ಹೆಸರು ಬರೆಸಿದವರನ್ನು ಅವರ ಊರಿನಲ್ಲೇ ಎಣಿಸಿದರೆ ಆಯಿತು. ನಾನು ಎಣಿಸಿ ನೋಡಿದೆ. ಗುಡ್ಡದ ಊರುಗಳು ಒಂದೊಂದಾಗಿ ಮೇಲೆ ಬಂದವು, ನಾದಿಯಾಳದೂ ಬಂತು.

ಆ ಶನಿವಾರ ಶ್ರೀನಿವಾಸ್ ಅವರ ಕ್ಯಾನಿಂಗ್ ವೇಲ್ ಬಡಾವಣೆಯ ಮನೆಯಲ್ಲಿ ಬಾರ್ಬಿ, ಅಂದರೆ ಹಿತ್ತಲಿನಲ್ಲಿ ಕೆಂಡದ ಒಲೆ ಹಚ್ಚಿ ಸುಟ್ಟು ತಿನ್ನುವ ಔತಣ. ಸಸ್ಯಾಹಾರಿಗಳ ಬಾರ್ಬಿಯಾದ್ದರಿಂದ ಪನೀರ್, ಜೋಳ, ಜೊತೆಗೆ ನಾನು ಆಂಟಿ ಎನ್ನುತ್ತಿದ್ದ ಅವರ ಹೆಂಡತಿ ಮಾಡಿದ ಬಿಸಿಬೇಳೆಬಾತ್. ಅವರ ಮಗಳು ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು. "ನೋಡು, ಇವ್ಳಿಗೆ ಎಲ್ಲಾ ಅರ್ಥ ಆಗತ್ತೆ, ಬಾಯಿಗೆ ಮಾತ್ರ ಬರಲ್ಲ" ಎಂದು ಆಂಟಿ ಬೇಸರಪಟ್ಟರು. ಪನೀರ್ ತಿರುವುತ್ತಿದ್ದ ಶ್ರೀನಿವಾಸ್ ಅವರಿಗೆ ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ಇಕ್ಕುಳ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ನೀನ್ ಹೇಳೋದು ಹಂಡ್ರೆಡ್ ಪರ್ಸೆಂಟ್ ಸರಿ ಕಣಮ್ಮ. ಅವ್ರವ್ರ ಊರಲ್ಲೇ ಎಣಿಸ್ಬೇಕು. ನಾವೂ ಊರು ಬಿಟ್ಟು ಬಂದೋರೇ ಅಲ್ವಾ? ನಂಗ್ ಗೊತ್ತಾಗಲ್ವಾ?"

"ಹಾಗಾದ್ರೆ ಸೋಮವಾರ ಮೀಟಿಂಗಲ್ಲಿ ಹೇಳ್ತೀನಿ ಸರ್."

"ಧೈರ್ಯವಾಗಿ ಹೇಳು, ನಾನಿದೀನಿ" ಎಂದು ನನ್ನ ತಟ್ಟೆಗೆ ಜೋಳ ಹಾಕಿದರು.

ಅಂದು ಮನೆಗೆ ಬಂದು ನಾದಿಯಾಳಿಗೆ, ನಮ್ಮ ಬಾಸ್ ಒಪ್ಪಿದ್ದಾರೆ ಎಂದುಬಿಟ್ಟೆ. ಅವಳು ಆಗಲೇ ಅಣ್ಣನಿಗೆ ಫೋನ್ ಮಾಡಿದಳು. ನನಗೆ ಅವಳ ಭಾಷೆ ಬರದಿದ್ದರೂ ಅತ್ತ ಕಡೆಯಿಂದ ಮಕ್ಕಳು ಕೂಗಾಡಿದ್ದು ಕೇಳಿಸಿತು.

ಸೋಮವಾರದ ಮೀಟಿಂಗಿಗೆ ಹಣ ಕೊಡುವವರ ಪ್ರತಿನಿಧಿಗಳು ಕ್ಯಾನ್‌ಬೆರಾದಿಂದ ವಿಡಿಯೊದಲ್ಲಿ ಸೇರಿದ್ದರು. ನಾದಿಯಾ ನನ್ನ ಎದುರಿಗೇ ಕೂತಿದ್ದಳು. ನಾನು ವಿಷಯ ಹೇಳಿದೆ. ಕೊನೆಯ ಗಳಿಗೆಯಲ್ಲಿ ಲೆಕ್ಕ ಬದಲಾದರೆ ತಡವಾಗುತ್ತದಲ್ಲ ಎಂದು ಪರದೆಯಲ್ಲಿದ್ದ ಹೆಂಗಸು ಹುಬ್ಬೇರಿಸಿದಳು. ಅಷ್ಟೇ. ಬೇಡ ಎಂದೂ ಅನ್ನಲಿಲ್ಲ. ಶ್ರೀನಿವಾಸ್ ತಕ್ಷಣ ಇಂಗ್ಲಿಷಿನಲ್ಲಿ, ಶಾಲ್ ಅವರ ಆಲೋಚನೆ ಕುತೂಹಲಕಾರಿಯಾಗಿದೆ, ಆದರೆ ಅದಿನ್ನೂ ಹಸಿ, ನಮ್ಮ ತಂಡ ಅದನ್ನು ಬೆಂಬಲಿಸುವುದಿಲ್ಲ, ಈಗಿನ ಲೆಕ್ಕವೇ ಅಂತಿಮ ಎಂದರು. ಧ್ವನಿ ಬೆಣ್ಣೆಯಷ್ಟು ನಯವಾಗಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರಿಗೂ ಕನ್ನಡದಲ್ಲೇ ಕೇಳಿಬಿಟ್ಟೆ: "ಮೊನ್ನೆ ನಿಮ್ಮನೇಲಿ ಸರಿ ಅಂದ್ರಲ್ಲ ಸರ್? ನಾನಿದೀನಿ ಅಂದ್ರಲ್ಲ?"

ಅವರು ನನ್ನ ಕಡೆ ನೋಡದೆ, ಪರದೆಯ ಕಡೆ ನಕ್ಕು, "ಲೆಟ್ಸ್ ಕೀಪ್ ಇಟ್ ಇನ್ ಇಂಗ್ಲಿಷ್, ಪ್ಲೀಸ್" ಎಂದರು. ಎಲ್ಲರೂ ಸಣ್ಣಗೆ ನಕ್ಕರು. ಮುಂದಿನ ವಿಷಯಕ್ಕೆ ಹೋದರು.

ಸಂಜೆ ನಾದಿಯಾ ನನ್ನ ಜೊತೆ ಎಂದಿನ ರೈಲು ಹತ್ತಿದಳು. ಥಾರ್ನ್ಲಿ ಹತ್ತಿರ ಬಂದಾಗ ಕೇಳಿದಳು.

"ಶನಿವಾರ ಅವನು ಒಪ್ಪಿದ್ದು ನಿಮ್ಮ ಭಾಷೆಯಲ್ಲಾ?"

"ಹೌದು."

"ಹಾಗಾದರೆ ನಮ್ಮ ಊರಿಗೆ ನಿಮ್ಮ ಭಾಷೆಯಲ್ಲಿ ಮಾತ್ರ ನೀರು ಬಂದಿದೆ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅನುವಾದ ಮಾಡುವವಳಲ್ಲವೇ, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು.

ಶಿಬಿರಕ್ಕೆ ಟ್ಯಾಂಕು ಮಂಜೂರಾಯಿತು. ಬೇಸಿಗೆ ಕಳೆಯಿತು. ಮರಗಳ ಬಗ್ಗೆ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನ್ನ ವೀಸಾದ ಅಂಕಗಳು ಮಾತ್ರ ಕೆಲಸ ಮಾಡಿದವು. ಈ ದೇಶದಲ್ಲಿ ಕಾಯಂ ಆಗಿ ಇರಬಹುದೆಂದು ಅಪ್ಪಣೆ ಬಂತು. ಮೈಸೂರಿಗೆ ಹೋದರೆ ಈಗ ನನ್ನನ್ನು ಆಸ್ಟ್ರೇಲಿಯಾದವಳು ಎನ್ನುತ್ತಾರೆ, ಇಲ್ಲಿ ಇಂಡಿಯಾದವಳು ಎನ್ನುತ್ತಾರೆ. ಯಾರು ಎಲ್ಲಿ ಎಣಿಸಿದರೂ ಇನ್ನೊಂದು ಕಡೆ ನಾನು ಸೊನ್ನೆಯೇ.

ಅಮ್ಮ ಈಗಲೂ ಪ್ರತಿ ಭಾನುವಾರ, "ನಿಮ್ಮ ಶ್ರೀನಿವಾಸ್ ಹೇಗಿದಾರೆ? ನಮ್ಮೋರು ಅಂತ ಒಬ್ರು ಇದಾರಲ್ಲ, ಅದೇ ಪುಣ್ಯ" ಎನ್ನುತ್ತಾಳೆ. ಚೆನ್ನಾಗಿದ್ದಾರೆ ಎನ್ನುತ್ತೇನೆ. ನಿಜವಾಗಿಯೂ ಚೆನ್ನಾಗಿದ್ದಾರೆ. ಲಿಫ್ಟಿನಲ್ಲಿ ನಾವಿಬ್ಬರೇ ಸಿಕ್ಕಿದಾಗ ಎಂದಿನ ಅಕ್ಕರೆಯಿಂದ, "ಏನಮ್ಮ, ಊಟ ಆಯ್ತಾ?" ಎಂದು ಕೇಳುತ್ತಾರೆ. ನನಗೆ ಎಲ್ಲಾ ಅರ್ಥವಾಗುತ್ತದೆ. "ಯೆಸ್, ಶ್ರೀನಿ, ಥ್ಯಾಂಕ್ಸ್" ಎನ್ನುತ್ತೇನೆ.