ಅಜ್ಜಿಯಾದವಳಿಗೆ ಮಾತ್ರ ಹೇಳುವ ಹೆಸರು

ನನಗೆ ಮೊಮ್ಮಗಳು ಹುಟ್ಟಿದಳು. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಕೂದಲೆಂದರೆ ಕೂದಲು, ಆ ಮೂಗೆಂದರೆ ಮೂಗು!

ಸೊಸೆಯನ್ನೂ ಮಗುವನ್ನೂ ಆಸ್ಪತ್ರೆಯಿಂದ ಡೊಂಬಿವಲಿಯ ನಮ್ಮ ಮನೆಗೆ ಕರೆತಂದ ಬೆಳಿಗ್ಗೆಯೇ, ನಾನು ಪೇಢೆಯ ಡಬ್ಬಿ ಹಿಡಿದು ವಿಠ್ಠಲವಾಡಿಗೆ ಲೋಕಲ್ ರೈಲು ಹತ್ತಿದೆ. ಅಲ್ಲಿ ನನ್ನ ಓರಗಿತ್ತಿಯ ಮನೆ. ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎಂದೇ ಕರೆಯುವುದು. ಕಾಮಾಲೆಯ ಮದ್ದು ಅವರ ಕೈಯಲ್ಲಿತ್ತು. ನಮ್ಮೂರ ಕಡೆಯವರಲ್ಲಿ ಯಾರ ಕಣ್ಣು ಹಳದಿಯಾದರೂ, ಡಾಕ್ಟರ ಗುಳಿಗೆಯ ಜೊತೆಗೆ ಅಕ್ಕನ ಮದ್ದೂ ಆಗಬೇಕು. ಎಲೆಯ ಗುರುತು ಸಿಗಬಾರದೆಂದು ಅರೆದು ಉಂಡೆ ಮಾಡಿಯೇ ಕೊಡುತ್ತಿದ್ದರು.

ಆ ಸೊಪ್ಪಿನ ಹೆಸರು ಕೇಳಿದರೆ, "ಅತ್ತೆಯ ಮಾತುಂಟು ಮಾರಾಯ್ತಿ. ಹಿರಿಸೊಸೆ ನನ್ನನ್ನು ಬಿಟ್ರೆ, ಅಜ್ಜಿಯಾದವಳಿಗೆ ಮಾತ್ರ ಹೇಳೂದು. ಮೊದಲೇ ಹೇಳಿದ್ರೆ ಗುಣ ಹೋಗ್ತದೆ" ಎನ್ನುತ್ತಿದ್ದರು. ಊರಿನಲ್ಲಿ ಮದ್ದಿನ ಹೆಸರು ಗುಟ್ಟಾಗಿಡುವುದನ್ನು ಕಂಡವಳು ನಾನು, ನಂಬಿದೆ. ಆದರೂ ಅತ್ತೆಗೆ ನನ್ನ ಮೇಲೆ ವಿಶ್ವಾಸವಿರಲಿಲ್ಲವಲ್ಲ ಎಂದು, ಸತ್ತವರ ಮೇಲೆ ಇಪ್ಪತ್ತು ವರ್ಷ ಮುನಿಸಿಟ್ಟುಕೊಂಡಿದ್ದೆ.

ಪೇಢೆಯನ್ನು ಅಕ್ಕನ ಬಾಯಿಗಿಟ್ಟು ಹೇಳಿದೆ: "ಅಜ್ಜಿ ಆದೆ ಅಕ್ಕ. ಇನ್ನು ಹೇಳಿ, ಕಾಮಾಲೆಗೆ ಕೊಡುವ ಸೊಪ್ಪು ಯಾವುದು?"

ಚಹಾ ತಂದ ಅವರ ಸೊಸೆ, ಮದುವೆಯಾಗಿ ಎರಡು ವರ್ಷವಾದವಳು, ನಕ್ಕಳು. "ನೆಲನೆಲ್ಲಿ ಅಲ್ವಾ ಸಣ್ಣತ್ತೆ? ಕಂಪೌಂಡಿನಲ್ಲಿ ಬೇಕಾದಷ್ಟುಂಟು. ಅತ್ತೆ ನನಗೆ ಮದುವೆಯಾದ ವರ್ಷವೇ ತೋರಿಸಿದ್ರು." ಓಡಿ ಹೋಗಿ ಒಂದು ಗಿಡ ಕಿತ್ತು ತಂದಳು. ನೆಲ್ಲಿಯದೇ ಎಲೆ, ಕಡ್ಡಿಯಡಿಯಲ್ಲಿ ಸಾಸಿವೆಯಂಥ ಕಾಯಿಗಳ ಸಾಲು. "ನೆಲದಲ್ಲೇ ಉಳಿದ ನೆಲ್ಲಿ, ಅದಕ್ಕೇ ಆ ಹೆಸರು. ಮರಾಠಿಯವರೂ ಭುಯಿ ಆವಳಾ ಅಂತಾರೆ, ಎರಡೂ ಒಂದೇ."

ಹೆಸರು ತಿಳಿದರೆ ಸಾಕಿತ್ತು, ಗಿಡ ತಾನೇ ಸಿಗುತ್ತಿತ್ತು. ನಮ್ಮ ಬಿಲ್ಡಿಂಗಿನ ನೀರಿನ ಟಾಂಕಿಯ ಪಕ್ಕ, ಪ್ರತಿ ಮಳೆಗಾಲ, ಕಳೆ ಎಂದು ನಾನೇ ಅದನ್ನು ಕಿತ್ತೆಸೆಯುತ್ತಿದ್ದೆ.

"ನಮ್ಮ ಅತ್ತೆ ನಿಜವಾಗಿ ಹಾಗೆ, ಅಜ್ಜಿಯಾದವಳಿಗೆ ಮಾತ್ರ ಅಂತ, ಹೇಳಿದ್ರಾ ಅಕ್ಕ?"

ಅವರು ಪೇಢೆ ನುಂಗಲು ಬಹಳ ಹೊತ್ತು ತೆಗೆದುಕೊಂಡರು. "ಇಲ್ಲ. ನಿನಗೂ ಹೇಳ್ಲಿಕ್ಕೆ ಹೇಳಿದ್ರು. ಹೇಳಿದ್ರೆ ನೀನು ಇಲ್ಲಿಗೆ ಎಂತಕ್ಕೆ ಬರ್ತೀ? ನನ್ನನ್ನು ಯಾರು ಕೇಳೂದು?"

ಹೆಸರು ಮುಚ್ಚಿಟ್ಟದ್ದಕ್ಕಿಂತ, ಅತ್ತೆ ನನಗಾಗಿ ಬಿಟ್ಟುಹೋದ ಒಂದು ಒಳ್ಳೆಯ ಮಾತನ್ನು ಅಕ್ಕ ಮುಚ್ಚಿಟ್ಟರಲ್ಲ, ಅದು ಎದೆಗೆ ಬಡಿಯಿತು. ಎದ್ದು ಚಪ್ಪಲಿ ಮೆಟ್ಟಿದೆ.

"ಮಗುವನ್ನು ನಾನು ನೋಡ್ಬಾರ್ದಾ?" ಹಿಂದಿನಿಂದ ಅಕ್ಕ ಕೇಳಿದರು.

"ಬನ್ನಿ. ಮಗು ನಿಮಗೆಂತ ಮಾಡಿದೆ?"

ರೈಲಿನಲ್ಲಿ ಅಕ್ಕಪಕ್ಕ ಕುಳಿತೇ ಡೊಂಬಿವಲಿಗೆ ಬಂದೆವು.

ರಾತ್ರಿ ಎಲ್ಲರೂ ಊಟಕ್ಕೆ ಕುಳಿತರು. ಬಾಣಂತಿಯೂ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕುಳಿತಳು. ಅಕ್ಕನ ಎದುರಿಗೇ ನನ್ನ ಸೊಸೆಗೆ ನೆಲನೆಲ್ಲಿಯ ಹೆಸರು ಹೇಳಿದೆ. ಇನ್ನೊಂದು ಸೊಪ್ಪಿನದೂ ಹೇಳಿದೆ: ಒಂದು ಕಡ್ಡಿಗೆ ಒಂದೇ ಎಲೆ, ಅದಕ್ಕೇ ಅದು ಒಂದೆಲಗ. ಗೊತ್ತಿದ್ದುದನ್ನೆಲ್ಲ ಹೇಳುತ್ತಲೇ ಹೋದೆ.

"ಬಸ್ ಅಮ್ಮಾ, ಖಾನಾ ಠಂಡಾ ಹೋ ರಹಾ ಹೈ," ಎಂದ ಮಗ; ಊಟ ತಣ್ಣಗಾಗುತ್ತಿದೆಯಂತೆ.

ಅಕ್ಕ ತಲೆಯೆತ್ತಲಿಲ್ಲ. ಅವರ ಬಟ್ಟಲಿಗೂ ಕುಚ್ಚಲಕ್ಕಿ ಅನ್ನ ನಾನೇ ಬಡಿಸಿದೆ, ಸಾಕೇ ಎಂದು ಕೇಳಲಿಲ್ಲ. ಎಲ್ಲರೂ ಉಂಡೆವು.